ಫೈನಲ್‌ಗೆ ಬಂದ ಹಿತ್ತಿಲ ಕಟ್ಟೆ

ಮನೆ ಚಂದಗಾಣಿಸುವ ಟಿ.ವಿ. ಸ್ಪರ್ಧೆಯ ಫೈನಲ್. ಮಂಡ್ಯದ ಪುಟ್ಟಗೌರಮ್ಮನ ಮನೆಯನ್ನು ಎರಡು ತಂಡಗಳು ಹಂಚಿಕೊಂಡು ಥಳಥಳ ಮಾಡಿದ್ದವು. ಹಳೆಯದಾಗಿ ಉಳಿದಿದ್ದು ಹಿತ್ತಿಲ ಕಟ್ಟೆ ಒಂದೇ. ಸಂಜೆ ಬೀದಿಯ ಹೆಂಗಸರೆಲ್ಲ ಸೊಪ್ಪು ಸೋಸುತ್ತಾ ಕೂರುವ ಕಟ್ಟೆ ಅದು.

"ಇದು ಮನೆಗೇ ಕಪ್ಪುಚುಕ್ಕೆ. ಇವತ್ತೇ ಒಡೆಸ್ತೀನಿ," ಅಂದರು ಜಡ್ಜ್. "ಡಿಸೈನ್ ಎಲ್ಲಾ ನಿಮಗೆ ಗೊತ್ತಾಗಲ್ಲಮ್ಮ."

"ಗೊತ್ತಾಗಲ್ಲ ಸಾರ್, ಒಡೆಸಿ. ಮೊದಲು ಊಟ ಮಾಡಿ. ಮುದ್ದೆ, ಬಸ್ಸಾರು ಮಾಡಿದ್ದೀನಿ. ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ."

ಎಲ್ಲರೂ ತಟ್ಟೆ ಹಿಡಿದು ಹಾಲಿಗೆ ಹೋದರು. ಬಿಳೀ ಸೋಫಾ ನೋಡಿದರು, ತಟ್ಟೆಯ ಸಾರು ನೋಡಿದರು, ಮೆಲ್ಲಗೆ ಹಿಂದೆ ಸರಿದರು. ಅಡುಗೆಮನೆಯ ಎತ್ತರದ ಸ್ಟೂಲಿನ ಮೇಲೆ ಕಾಲು ಜೋತಾಡಿದವು, ಮುದ್ದೆ ಮುರಿಯಲು ಹದ ಸಿಗಲಿಲ್ಲ. ಒಬ್ಬೊಬ್ಬರಾಗಿ ಹಿತ್ತಿಲಿಗೆ ಬಂದರು. ಕೊನೆಗೆ ಜಡ್ಜೂ ಬಂದು, ಬೂಟು ಬಿಚ್ಚಿ, ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಇನ್ನೊಂದು ಮುದ್ದೆಯನ್ನೂ ಹಾಕಿಸಿಕೊಂಡರು.

ಅಷ್ಟರಲ್ಲಿ ಕಟ್ಟೆ ಒಡೆಯುವವನು ಸುತ್ತಿಗೆ ಹಿಡಿದು ಬಂದ. "ಶುರು ಮಾಡ್ಲಾ?"

"ಮಾಡಪ್ಪ," ಅಂದಳು ಪುಟ್ಟಗೌರಮ್ಮ, ಸಾರು ಬಡಿಸುತ್ತಾ. "ಸಾರ್ ಎದ್ದ ಮೇಲೆ."

ಜಡ್ಜ್ ಆಕೆಯ ಮುಖ ನೋಡಿದರು. ಸುತ್ತ ಕೂತವರನ್ನೆಲ್ಲ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಸುತ್ತಿಗೆ ಆಚೆ ಇಟ್ಟು ಬಾರಪ್ಪ," ಅಂದರು. " ಊಟ ಮಾಡು."