ಲಾಗ್ ಫೈಲಿನ ವಿಲೇವಾರಿ

ಪುರಸಭೆಯ ಸರ್ವರಿನ ಡಿಸ್ಕ್ ತುಂಬಿ ಜನನ ಪ್ರಮಾಣಪತ್ರಗಳು ನಿಂತುಹೋದವು. ಕೌಂಟರಿನಲ್ಲಿ ಜನ ಕೂಗಾಡುತ್ತಿದ್ದರು.

"ಸಂಜೆಯೊಳಗೆ ಜಾಗ ಮಾಡು. ಆದರೆ ಒಂದಕ್ಷರ ಅಳಿಸಿದರೂ ನಿನ್ನ ಕೆಲಸ ಹೋಯ್ತು. ಅದು ಸರ್ಕಾರಿ ದಾಖಲೆ!" ಎಂದು ಮುಖ್ಯಾಧಿಕಾರಿ ಗುಡುಗಿದರು.

"ಆಗಲಿ ಸರ್," ಎಂದ ಆಪರೇಟರ್ ಫಕೀರಪ್ಪ. "ಜಾಗ ತಿಂದಿರೋದು ಲಾಗ್ ಫೈಲು. ಯಾರು ಎಷ್ಟು ಹೊತ್ತಿಗೆ ಕಚೇರಿಗೆ ಬಂದು ಲಾಗಿನ್ ಆದರು ಅಂತ ಅದೇ ಬರೆದುಕೊಳ್ಳುತ್ತೆ. ಒಂದಕ್ಷರವೂ ಕಳೆಯದ ಹಾಗೆ ಅಷ್ಟನ್ನೂ ಪ್ರಿಂಟ್ ತೆಗೆದು ಜಿಲ್ಲಾ ಕಚೇರಿಗೆ ಕಳಿಸಿ, ಆಮೇಲೆ ಡಿಸ್ಕ್ ಖಾಲಿ ಮಾಡ್ತೀನಿ. ಓದಲೇ? ಸೋಮವಾರ, ಮುಖ್ಯಾಧಿಕಾರಿಗಳು, ಮಧ್ಯಾಹ್ನ ಹನ್ನೆರಡೂಕಾಲು. ಮಂಗಳವಾರ, ಮುಖ್ಯಾಧಿಕಾರಿಗಳು, ಒಂದು ಗಂಟೆ..."

"ಸಾಕು, ಸಾಕು! ಆ ಹಳೇ ಕಸ ಯಾಕಯ್ಯಾ? ಅಳಿಸು!"

"ಲಿಖಿತ ಆದೇಶ ಬೇಕು ಸರ್."

ಸಹಿ ಬಿತ್ತು. ಅರ್ಧ ಗಂಟೆಯಲ್ಲಿ ಪ್ರಮಾಣಪತ್ರಗಳು ಹೊರಬರತೊಡಗಿದವು.

"ಪೂರ್ತಿ ಹೋಯ್ತಾ?" ಸಾಹೇಬರು ಮೆಲ್ಲಗೆ ಕೇಳಿದರು.

"ಪೂರ್ತಿ ಸರ್. ಯಾರ ಆದೇಶದಿಂದ ಅಳಿಸಿದ್ದು ಅನ್ನೋದಷ್ಟೇ ಹೊಸ ಲಾಗಿನ ಮೊದಲ ಸಾಲಿನಲ್ಲಿದೆ."