ಸತವ್ವನ ಮಕ್ಕಳು ಕೆಸರು ದಾಟಿದ್ದು

ಭೂಮಿ ಆಗಷ್ಟೇ ಹುಟ್ಟಿ, ಮುಟ್ಟಿದರೆ ಇನ್ನೂ ಬೆಚ್ಚಗಿದ್ದ ಕಾಲ. ಕಲ್ಲು ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು. ಕೆಸರು ಮಾತ್ರ ಮಾತಾಡುತ್ತಿರಲಿಲ್ಲ, ತಿನ್ನುತ್ತಿತ್ತು.

ಆಗ ಸತವ್ವ ಎಂಬ ತಾಯಿ ಇದ್ದಳು. ಅವಳ ಮೈಯೆಲ್ಲ ಸತು, ಬೂದುಬಣ್ಣದ ಮೆತ್ತನೆಯ ಲೋಹ. ಮಡಿಲ ತುಂಬ ಕಿಡಿಮರಿಗಳು. ಎಣಿಸಲು ಹೋದವರು ಎಣಿಸುತ್ತಲೇ ಮುದುಕರಾದರು.

ಅವಳ ಕಾಲಬುಡದಲ್ಲೇ ಹುಳಿಗೆಸರು ಮಲಗಿತ್ತು. ಅದಕ್ಕೆ ಸತು ಎಂದರೆ ಬೆಲ್ಲ. ಚಪ್ ಚಪ್ ಎಂದು ನೆಕ್ಕುತ್ತಿತ್ತು, ನೆಕ್ಕುತ್ತಲೇ ಇತ್ತು. ಆ ಸದ್ದು ಕೇಳಿ ಮರಿಗಳು ಮುದುಡಿಕೊಳ್ಳುತ್ತಿದ್ದವು. ಅವ್ವ ಕರಗಿದರೆ ಮಕ್ಕಳೂ ಕೆಸರಿನ ಪಾಲು.

ಆಚೆ ದಡದಲ್ಲಿ ಇದ್ದಿಲಜ್ಜ ಕೂತಿದ್ದ. ಅವನನ್ನು ಕೆಸರು ತಿನ್ನುತ್ತಿರಲಿಲ್ಲ.

"ನಾ ಒಮ್ಮೆ ಸುಟ್ಟು ಕರ್ರಗಾದಾವ. ನನ್ನಾಗ ಅದಕ್ಕ ಏನೂ ರುಚಿ ಉಳಿದಿಲ್ಲ. ಮಕ್ಕಳ್ನ ನನ್ನ ಕಡೆ ಕಳಿಸವ್ವ," ಎಂದ ಅಜ್ಜ.

ಕಳಿಸುವುದು ಹೇಗೆ? ಕಿಡಿಮರಿಗಳು ಕೆಸರಿಗೆ ಕಾಲಿಡುವಂತಿಲ್ಲ. ಗಾಳಿಗೆ ಕನಿಕರ ಬಂತು. ಒಂದು ತಂತಿಬಳ್ಳಿಯನ್ನು ಎಳೆದು ತಂದು, ಕೆಸರಿಗೆ ತಾಗದಂತೆ ಬಳಸಿ, ಒಂದು ತುದಿಯನ್ನು ಸತವ್ವನಿಗೆ, ಇನ್ನೊಂದನ್ನು ಅಜ್ಜನಿಗೆ ಕಟ್ಟಿತು. ಬಳ್ಳಿ ನಡುವೆ ಒಂದು ಕಡೆ ಕೂದಲಷ್ಟು ಸಣ್ಣ. ಅಲ್ಲಿ ಮರಿಗಳು ಒಂದನ್ನೊಂದು ನೂಕಿಕೊಂಡು, ಮೈ ಉಜ್ಜಿಕೊಂಡು, ಅಂಜಿ ಅಂಜಿ ನುಸುಳಿದವು. ಉಜ್ಜಿದ ಜಾಗ ಕಾದು ಬೆಳಗಿತು.

"ಎಂಥಾ ಚೆಂದ ಬೆಳಕು ನೋಡ್ರಿ," ಎಂದು ನರಿಯೊಂದು ತನ್ನ ಮಕ್ಕಳಿಗೆ ತೋರಿಸಿತು. ಅದು ಪ್ರಾಣಭಯದಿಂದ ಓಡುವವರ ಬೆಳಕೆಂದು ನರಿಗೇನು ಗೊತ್ತು? ಆದರೂ ನನಗೆ ಆ ನರಿಯ ಮೇಲೆ ಇವತ್ತಿಗೂ ಸಿಟ್ಟಿದೆ.

ಮರಿಗಳಲ್ಲಿ ಕೊನೆಯವಳು ಚಿಟಕಿ. ಅವಳು ಕಂಡುಬಿಟ್ಟಳು. ಒಂದೊಂದು ಮರಿ ಬಳ್ಳಿ ಹತ್ತಿದಾಗಲೂ ಕೆಸರು ಎಚ್ಚೆತ್ತು ಅವ್ವನನ್ನು ಒಂದು ತುತ್ತು ಕಚ್ಚುತ್ತಿತ್ತು. ಮೈಯ ತೂತುಗಳನ್ನು ಅವ್ವ ಸೆರಗಿನಿಂದ ಮುಚ್ಚಿಕೊಂಡಿದ್ದಳು.

"ನಾ ಹೋಗಂಗಿಲ್ಲವ್ವ. ನಾ ಹೋದ್ರ ಅದು ನಿನ್ನ ತಿಂತೈತಿ."

"ನೀ ಕುಂತ್ರೂ ತಿಂತೈತಿ ಮಗಳ. ಸಾವಕಾಶ ತಿಂತೈತಿ, ನಿನ್ನೂ ಸೇರಿಸಿ ತಿಂತೈತಿ. ಓಡು."

ಚಿಟಕಿ ಅಳುತ್ತ ಓಡಿದಳು. ನೂಕಲು ಹಿಂದೆ ಯಾರೂ ಇರಲಿಲ್ಲ. ಅವಳು ಸಣ್ಣ ದಾರಿಯಲ್ಲಿ ನುಸುಳುವಾಗ ಬೆಳಕು ಕೆಂಪಗೆ ನಡುಗಿತು. ಅಜ್ಜ ಕೈಚಾಚಿ ಒಳಗೆಳೆದುಕೊಂಡ.

ಅವಳು ತಿರುಗಿ ನಿಂತು ಅವ್ವನನ್ನು ಕರೆದಳು. ಆಚೆಯಿಂದ ಯಾರೂ ಓಗೊಡಲಿಲ್ಲ. ಚಪ್ ಚಪ್ ಸದ್ದೂ ನಿಂತಿತ್ತು.

ಅದಕ್ಕೇ ಮಗು, ಟಾರ್ಚಿನ ಹಳೆಯ ಸೆಲ್ಲಿನಲ್ಲಿ ನಡುವಿನ ಕರಿಕಡ್ಡಿ ಗಟ್ಟಿಯಾಗೇ ಉಳಿದು, ಸುತ್ತಲಿನ ಸತುವಿನ ತಗಡು ತೂತುತೂತಾಗಿರುತ್ತದೆ. ಬಲ್ಬು ಆರುವ ಮುಂಚೆ ಕೆಂಪಗೆ ನಡುಗಿದರೆ, ಚಿಟಕಿ ಅವ್ವನನ್ನು ಬಿಟ್ಟು ದಾಟುತ್ತಿದ್ದಾಳೆ ಎಂದು ತಿಳಿ.