ಹೆಸರಿಲ್ಲದವರಿಗೆ ಬಾಗಿಲಿಲ್ಲ

ನಿವೃತ್ತ ಬಸ್ ಕಂಡಕ್ಟರ್ ಚನ್ನವೀರಪ್ಪನವರ ತಲೆಯೊಳಗೆ ಮೂವರಿದ್ದರು. ಬಲಗಿವಿಯಲ್ಲಿ ಹೊಕ್ಕು ನಾನೇ ನೋಡಿ ಬಂದಿದ್ದೇನೆ, ನಂಬದಿದ್ದರೆ ಬಿಡಿ. ನೆನಪುಗಳನ್ನು ಕಾಯುವುದು ಒಂದು ಕಡಲಕುದುರೆ, ಪ್ರೀತಿ ಭಯಗಳನ್ನು ಕಾಯುವುದು ಒಂದು ಬಾದಾಮಿ, ಬಾಗಿಲು ಕಾಯುವುದು ಎಚ್ಚರ. ಮೊದಲಿನ ಎರಡು ಮೆದುಳಿನ ತುಣುಕುಗಳೇ, ಆಕಾರ ನೋಡಿ ವೈದ್ಯರು ಇಟ್ಟ ಹೆಸರುಗಳು ಅವು. ಕುದುರೆಗೆ ಮುಪ್ಪಾಗಿ ಅದರ ಕಪಾಟುಗಳೆಲ್ಲ ಖಾಲಿಯಾಗಿದ್ದವು. ಹೊರಗಿನಿಂದ ಯಾರೂ ಬಾರದೆ ಬಾದಾಮಿ ದಿನವಿಡೀ ಒಂಟಿಯಾಗಿ ಕೂತಿರುತ್ತಿತ್ತು.

ಒಂದು ಬೆಳಿಗ್ಗೆ ಚನ್ನವೀರಪ್ಪನವರ ಹೆಂಡತಿ ಅವರು ಮಲಗಿದ್ದ ಆಸ್ಪತ್ರೆಗೆ ಬಂದು ಮಂಚದ ಪಕ್ಕ ನಿಂತರು. ಬಾದಾಮಿ ಎದ್ದು ಕುಣಿಯಿತು.

"ಬಾಗಿಲು ತೆಗೆಯೋ! ನಮ್ಮವರು ಬಂದರು!"

"ಹೆಸರು ಹೇಳು. ಹೆಸರಿಲ್ಲದವರನ್ನು ಬಿಡುವುದಿಲ್ಲ," ಎಂದಿತು ಎಚ್ಚರ.

"ಕುದುರೆಯಣ್ಣಾ, ಬೇಗ ಹುಡುಕು! ಆಕೆ ಹೊರಗೇ ಉಳಿದರೆ ನನಗಿನ್ನು ಯಾರಿದ್ದಾರೆ?"

ಕುದುರೆ ಖಾಲಿ ಕಪಾಟುಗಳನ್ನೆಲ್ಲ ತಡಕಿತು. "ಇಲ್ಲ ತಮ್ಮಾ. ಇದು ಕಳೆದುಹೋದದ್ದಲ್ಲ, ನನ್ನ ಕೈಗೆ ಬಂದೇ ಇಲ್ಲ. ನಲವತ್ತು ವರ್ಷದಲ್ಲಿ ಯಜಮಾನರು ಒಮ್ಮೆಯೂ ಆಕೆಯನ್ನು ಹೆಸರು ಹಿಡಿದು ಕರೆಯಲಿಲ್ಲವಲ್ಲ!"

ಹೊರಗೆ ಡಾಕ್ಟರು ಕೇಳುತ್ತಿದ್ದರು, "ಚನ್ನವೀರಪ್ಪನವರೇ, ಇವರು ಯಾರು ಹೇಳಿ?"

ತಾಳ್ಮೆಗೆಟ್ಟ ಬಾದಾಮಿ ಓಡಿ ಬಂದು ಬಾಗಿಲಿಗೆ ತಲೆ ಗುದ್ದಿತು. ಬಾಗಿಲು ಒಂದು ಬೆರಳಷ್ಟು ಸರಿದು, ಮತ್ತೆ ಮುಚ್ಚಿಕೊಂಡಿತು. ಅಷ್ಟರಲ್ಲಿ ಒಂದೇ ಒಂದು ಮಾತು ಹೊರಗೆ ನುಸುಳಿತ್ತು.

"ಇವಳೇ..." ಎಂದರು ಚನ್ನವೀರಪ್ಪ.

ಡಾಕ್ಟರು, 'ಹೆಂಡತಿಯ ಗುರುತು ಸಿಗಲಿಲ್ಲ' ಎಂದು ಬರೆದುಕೊಂಡರು.

ಆಕೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ಮಂಚದತ್ತ ಬಾಗಿದರು.

"ಏನ್ರೀ? ಇಲ್ಲೇ ಇದೀನಿ."